ಕಾಣಿಕೆಯಾದ ಸ್ವರ: ಸೋಫಿಯಾ ಗುಬೈದುಲಿನಾ ಅವರ ಜೀವನ ಮತ್ತು ಸಂಗೀತದಲ್ಲಿ ಶಿಲುಬೆಯ ಅರಿಕೆ

ಸಭೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವಿಶ್ವಾಸಪ್ರಮಾಣಗಳು, ಮಹಾಸಭೆಗಳ ನಿರ್ಣಯಗಳು, ಧರ್ಮಾಧ್ಯಕ್ಷರ ಪತ್ರಗಳು, ಪ್ರಸಂಗಗಳು ಇವುಗಳನ್ನೇ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇವೆಲ್ಲವೂ ಮಾತಿನ ದಾಖಲೆಗಳು. ಮಾತಿಗೇ ಅಡ್ಡಿಯಿದ್ದ ಕಾಲದಲ್ಲಿ ವಿಶ್ವಾಸಿಗಳು ತಮ್ಮ ಅರಿಕೆಯನ್ನು ಎಲ್ಲಿ ಬರೆದಿಟ್ಟರು ಎಂದು ಕೇಳಿದಾಗ ಇತಿಹಾಸಕಾರನು ಬೇರೆ ಬಗೆಯ ಸಾಕ್ಷ್ಯಗಳತ್ತ ತಿರುಗಬೇಕಾಗುತ್ತದೆ. ಸೋವಿಯತ್ ಒಕ್ಕೂಟದ ಕೊನೆಯ ಮೂರು ದಶಕಗಳಲ್ಲಿ ಅಂಥ ಸಾಕ್ಷ್ಯವನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರಲ್ಲಿ ಸೋಫಿಯಾ ಗುಬೈದುಲಿನಾ ಪ್ರಮುಖರು. ಪಿಯಾನೊ ವಾದಕಿಯಾಗಿ ಶಿಕ್ಷಣ ಪಡೆದು, ಸಂಗೀತರಚನೆಯನ್ನೇ ಜೀವನದ ಕರೆಯೆಂದು ಆರಿಸಿಕೊಂಡ ಅವರು 2025ರ ಮಾರ್ಚ್ 13ರಂದು ತಮ್ಮ 93ನೆಯ ವಯಸ್ಸಿನಲ್ಲಿ ಜರ್ಮನಿಯಲ್ಲಿ ನಿಧನರಾದರು. ಅವರ ಜೀವನವನ್ನೂ ಮುಖ್ಯ ಕೃತಿಗಳನ್ನೂ ಇತಿಹಾಸದ ಹಿನ್ನೆಲೆಯಲ್ಲಿ ಪರಿಶೀಲಿಸಿ, ಅವುಗಳಲ್ಲಿ ಅಡಗಿರುವ ಅರ್ಪಣೆಯ ದೈವಶಾಸ್ತ್ರವು ನಮ್ಮ ವಿಚಾರಣೆಗೆ ನಿಲ್ಲಬಲ್ಲುದೇ ಎಂದು ಕೇಳುವುದು ಈ ಲೇಖನದ ಉದ್ದೇಶ.

ಎರಡು ಪರಂಪರೆಗಳ ನಡುವೆ

ಗುಬೈದುಲಿನಾ ಹುಟ್ಟಿದ್ದು 1931ರ ಅಕ್ಟೋಬರ್ 24ರಂದು, ಕಾಮಾ ನದಿಯ ದಡದಲ್ಲಿರುವ ಚಿಸ್ತೊಪೊಲ್ ಎಂಬ ಊರಿನಲ್ಲಿ. ಅದು ಅಂದಿನ ತಾತಾರ್ ಸ್ವಾಯತ್ತ ಗಣರಾಜ್ಯಕ್ಕೆ ಸೇರಿತ್ತು. ಬಳಿಕ ಕುಟುಂಬವು ಗಣರಾಜ್ಯದ ರಾಜಧಾನಿಯಾದ ಕಜಾನಿಗೆ ಬಂದು ನೆಲಸಿತು. ತಂದೆ ತಾತಾರರು, ಭೂಮಾಪನದ ಇಂಜಿನಿಯರು. ತಾಯಿ ರಷ್ಯನ್ ಜನಾಂಗದವರು, ಶಿಕ್ಷಕಿ. ತಂದೆಯ ತಂದೆ ಮುಲ್ಲಾ ಆಗಿದ್ದರು. ಹೀಗೆ ಇಸ್ಲಾಮ್ ಮತ್ತು ಪೂರ್ವದ ಕ್ರೈಸ್ತ ಪರಂಪರೆ ಎರಡೂ ಅವರ ವಂಶದಲ್ಲಿದ್ದವು. ಮನೆಯಲ್ಲಿ ಮಾತ್ರ ಎರಡರ ಆಚರಣೆಯೂ ಇರಲಿಲ್ಲ. ಸ್ಟಾಲಿನನ ಕಾಲದಲ್ಲಿ ಸರಕಾರಿ ನೌಕರಿಯಲ್ಲಿದ್ದ ಕುಟುಂಬವೊಂದು ದೇವರ ಹೆಸರನ್ನು ಎತ್ತದಿರುವುದು ಜಾಣತನವಷ್ಟೇ ಆಗಿರಲಿಲ್ಲ, ಬದುಕಿ ಉಳಿಯುವ ದಾರಿಯೂ ಆಗಿತ್ತು. ತೀರ ಚಿಕ್ಕವರಿದ್ದಾಗ ಹಳ್ಳಿಯ ಮನೆಯೊಂದರಲ್ಲಿ ಕ್ರಿಸ್ತನ ಪ್ರತಿಮಾಚಿತ್ರವನ್ನು ಕಂಡು ತಾವು ಅದನ್ನು ಗುರುತಿಸಿದಂತೆ ಅನಿಸಿತೆಂದೂ, ಅದನ್ನು ಕಂಡು ಹೆತ್ತವರು ಗಾಬರಿಗೊಂಡರೆಂದೂ, ಅಂದಿನಿಂದ ಈ ವಿಷಯವನ್ನು ಒಳಗೇ ಇರಿಸಿಕೊಳ್ಳಲು ಕಲಿತೆನೆಂದೂ ಅವರು ಮುಂದೆ ನೆನಪಿಸಿಕೊಂಡಿದ್ದಾರೆ.

ಇಂಥ ಮನೆಯಲ್ಲಿ ಪಿಯಾನೊ ಬಂದದ್ದು ಆ ಮಗುವಿಗೆ ಆತ್ಮಿಕ ಘಟನೆಯೇ ಆಯಿತು. ಹೇಳಬಾರದ್ದನ್ನು ಹೇಳಲು ಅದೊಂದು ಭಾಷೆಯಾಯಿತು. 1949ರಿಂದ 1954ರ ವರೆಗೆ ಕಜಾನಿನ ಸಂಗೀತ ಮಹಾವಿದ್ಯಾಲಯದಲ್ಲಿ ಅವರು ಪಿಯಾನೊ ಮತ್ತು ಸಂಗೀತರಚನೆ ಎರಡನ್ನೂ ಅಭ್ಯಾಸ ಮಾಡಿದರು. ವೇದಿಕೆಯ ಪಿಯಾನೊ ವಾದಕಿಯಾಗಿ ಮುಂದುವರಿಯುವ ಸಾಮರ್ಥ್ಯ ಅವರಿಗಿತ್ತು. ಆದರೂ ಅವರು ಮಾಸ್ಕೋದ ಸಂಗೀತ ಮಹಾವಿದ್ಯಾಲಯಕ್ಕೆ ಹೋಗಿ ರಚನೆಯನ್ನೇ ಆರಿಸಿಕೊಂಡರು. ಅಲ್ಲಿ ಶೊಸ್ತಕೊವಿಚ್ ಅವರ ಸಹಾಯಕರಾಗಿದ್ದ ನಿಕೊಲಾಯ್ ಪೈಕೊ ಅವರಲ್ಲಿ 1959ರ ವರೆಗೂ, ಬಳಿಕ ವಿಸ್ಸಾರಿಯನ್ ಶೆಬಲಿನ್ ಅವರಲ್ಲಿ 1963ರ ವರೆಗೂ ಕಲಿತರು. ಪದವಿಯ ಪರೀಕ್ಷೆಯ ಹೊತ್ತಿಗೆ ಅವರ ಸಂಗೀತ ತಪ್ಪು ದಾರಿ ಹಿಡಿದಿದೆಯೆಂಬ ಆಕ್ಷೇಪಣೆ ಕೇಳಿಬಂದಿತ್ತು. ಆ ತಪ್ಪು ದಾರಿಯಲ್ಲೇ ನಡೆಯಿರಿ ಎಂದು ಶೊಸ್ತಕೊವಿಚ್ ಪ್ರೋತ್ಸಾಹಿಸಿದರೆಂಬುದನ್ನು ಗುಬೈದುಲಿನಾ ಕೃತಜ್ಞತೆಯಿಂದ ಹೇಳುತ್ತಿದ್ದರು.

ಪಿಯಾನೊಗಾಗಿ ಅವರು ಬರೆದ ಮುಖ್ಯ ರಚನೆಗಳು ಹೆಚ್ಚಾಗಿ ಈ ಆರಂಭದ ಅವಧಿಗೆ ಸೇರುತ್ತವೆ: 1962ರ ‘ಷಕೋನ್’, 1965ರ ಸೊನಾಟ, 1969ರಲ್ಲಿ ಮಕ್ಕಳಿಗಾಗಿ ಬರೆದ ‘ಸಂಗೀತದ ಆಟಿಕೆಗಳು’ ಎಂಬ ಕಿರುರಚನೆಗಳ ಮಾಲೆ. ಸೊನಾಟದಲ್ಲಿ ವಾದಕರು ಕೀಲಿಮಣೆಯನ್ನು ಬಿಟ್ಟು ಪಿಯಾನೊದ ಒಳಗಿನ ತಂತಿಗಳನ್ನೂ ನುಡಿಸಬೇಕಾಗುತ್ತದೆ. ವಾದ್ಯದ ಮೈಯನ್ನೇ ಅರ್ಥದ ಸ್ಥಳವಾಗಿ ಕಾಣುವ ಈ ಪ್ರವೃತ್ತಿ ಮುಂದೆ ಅವರ ಎಲ್ಲ ಕೃತಿಗಳ ಲಕ್ಷಣವಾಯಿತು.

ನಿಷೇಧದ ಕಾಲದ ಸಭೆ

ಈ ವರ್ಷಗಳ ಧಾರ್ಮಿಕ ಪರಿಸ್ಥಿತಿಯನ್ನು ನೆನೆಯದೆ ಮುಂದುವರಿಯುವಂತಿಲ್ಲ. 1929ರ ಕಾನೂನು ಧಾರ್ಮಿಕ ಸಂಘಗಳನ್ನು ಆರಾಧನಾಲಯದ ನಾಲ್ಕು ಗೋಡೆಗಳೊಳಗೆ ಕಟ್ಟಿಹಾಕಿತ್ತು; ಮಕ್ಕಳಿಗೆ ಧರ್ಮಬೋಧೆ, ಬಡವರ ಸೇವೆ ಇವೆರಡಕ್ಕೂ ಅವಕಾಶವಿರಲಿಲ್ಲ. ಯುದ್ಧಕಾಲದಲ್ಲಿ ದೊರೆತಿದ್ದ ಸ್ವಲ್ಪ ಬಿಡುವು ಕ್ರುಶ್ಚೇವರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಮಾಯವಾಯಿತು. ಸಾವಿರಾರು ದೇವಾಲಯಗಳು ಮುಚ್ಚಿದವು. ಗುಬೈದುಲಿನಾ ಮಾಸ್ಕೋದಲ್ಲಿ ವಿದ್ಯಾರ್ಥಿನಿಯಾಗಿದ್ದ ಕಾಲ ಇದೇ.

ಆ ಪೀಳಿಗೆಯ ಸಂಗೀತಗಾರರಲ್ಲಿ ಅನೇಕರು ಈ ಕಾಲದ ಬಳಿಕ ಒಬ್ಬೊಬ್ಬರಾಗಿ ವಿಶ್ವಾಸದ ಕಡೆಗೆ ಬಂದರು. ಎಸ್ಟೋನಿಯದ ಆರ್ವೊ ಪೇರ್ಟ್ 1970ರ ದಶಕದ ಆರಂಭದಲ್ಲಿ ಆರ್ಥಡಾಕ್ಸ್ ಸಭೆಯನ್ನು ಸೇರಿದರು. ಆಲ್ಫ್ರೆಡ್ ಷ್ನಿಟ್ಕೆ 1980ರ ದಶಕದಲ್ಲಿ ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ ಪಡೆದರು. ಗುಬೈದುಲಿನಾ 1970ರಲ್ಲಿ, ತಮ್ಮ 38ನೆಯ ವಯಸ್ಸಿನಲ್ಲಿ, ರಷ್ಯದ ಆರ್ಥಡಾಕ್ಸ್ ಸಭೆಯಲ್ಲಿ ದೀಕ್ಷಾಸ್ನಾನ ಹೊಂದಿದರು. ಈ ನಿರ್ಧಾರದಿಂದ ಅವರಿಗೆ ಲೌಕಿಕವಾದ ಯಾವ ಲಾಭವೂ ಆಗುವಂತಿರಲಿಲ್ಲ. ಹೊಟ್ಟೆಪಾಡಿಗೆ ಅವರು ಚಲನಚಿತ್ರಗಳಿಗೆ ಸಂಗೀತ ಬರೆಯುತ್ತಿದ್ದರು. ಗಂಭೀರ ಕೃತಿಗಳಿಗೆ ವೇದಿಕೆ ಸಿಗುವುದು ಅಪರೂಪವಾಗಿತ್ತು. 1979ರ ನವೆಂಬರಿನಲ್ಲಿ ಸಂಗೀತರಚನಕಾರರ ಒಕ್ಕೂಟದ ಆರನೆಯ ಮಹಾಧಿವೇಶನದಲ್ಲಿ ಅದರ ಮುಖ್ಯಸ್ಥರಾದ ತಿಖೊನ್ ಖ್ರೆನ್ನಿಕೊವ್, ಅಪ್ಪಣೆಯಿಲ್ಲದೆ ಪಶ್ಚಿಮದ ಉತ್ಸವಗಳಲ್ಲಿ ಕೃತಿಗಳು ನುಡಿಸಲ್ಪಟ್ಟವೆಂದು ಏಳು ಮಂದಿಯನ್ನು ಹೆಸರು ಹಿಡಿದು ಖಂಡಿಸಿದರು. ಆ ಏಳರಲ್ಲಿ ಗುಬೈದುಲಿನಾ ಒಬ್ಬರು.

ಧರ್ಮ ಎಂಬ ಅರ್ಥದ ಲ್ಯಾಟಿನ್ ಪದವನ್ನು ಅವರು ಅದರ ಮೂಲಾರ್ಥದಲ್ಲಿ, ಕಡಿದುಹೋದದ್ದನ್ನು ಮತ್ತೆ ಜೋಡಿಸಿ ಕಟ್ಟುವುದು ಎಂದು ತಿಳಿದುಕೊಂಡಿದ್ದರು. ದಿನನಿತ್ಯದ ಬದುಕು ಮನುಷ್ಯನನ್ನು ತುಂಡು ತುಂಡಾಗಿಸುತ್ತದೆ, ಸಂಗೀತವು ಆ ತುಂಡುಗಳ ನಡುವೆ ಎಳೆಯನ್ನು ಮರಳಿ ಹೂಡುತ್ತದೆ ಎಂಬುದು ಅವರ ನಂಬಿಕೆ. ಸ್ವರಗಳನ್ನು ಬಿಡಿಬಿಡಿಯಾಗಿ ನುಡಿಸುವುದಕ್ಕೂ ಕೂಡಿಸಿ ನುಡಿಸುವುದಕ್ಕೂ ಪಾಶ್ಚಾತ್ಯ ಸಂಗೀತದಲ್ಲಿರುವ ವ್ಯತ್ಯಾಸವನ್ನೇ ಅವರು ಇದಕ್ಕೆ ದೃಷ್ಟಾಂತವಾಗಿ ಕೊಡುತ್ತಿದ್ದರು. ಮನೆಯಲ್ಲಿ ಎರಡು ಪರಂಪರೆಗಳೂ ಕಡಿದುಹೋಗಿದ್ದ ಒಬ್ಬ ವ್ಯಕ್ತಿಯ ಬಾಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ.

ಬಲಿಪೂಜೆಯ ಹೆಸರುಗಳು

1978ರಲ್ಲಿ ಅವರು ಪಿಯಾನೊ ಮತ್ತು ಚಿಕ್ಕ ವಾದ್ಯವೃಂದಕ್ಕಾಗಿ ಬರೆದ ಕೃತಿಗೆ ‘ಇಂಟ್ರೋಯಿಟಸ್’ ಎಂದು ಹೆಸರಿಟ್ಟರು. ಅದು ಪಶ್ಚಿಮದ ಸಭೆಯ ಬಲಿಪೂಜೆಯಲ್ಲಿ ಯಾಜಕನು ವೇದಿಗೆ ಬರುವಾಗ ಹಾಡುವ ಪ್ರವೇಶಗೀತೆಯ ಹೆಸರು. 1980ರಲ್ಲಿ ಪಿಟೀಲಿಗಾಗಿ ಬರೆದ ಕೃತಿಯ ಹೆಸರು ‘ಆಫರ್ಟೋರಿಯಂ’. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಅರ್ಪಣೆಗೆ ತರುವ ಗಳಿಗೆಯ ಹೆಸರು ಇದು. 1990ರ ದೊಡ್ಡ ಮೇಳಗೀತೆಗೆ ‘ಅಲ್ಲೆಲೂಯ’ ಎಂದೇ ಹೆಸರು. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ.

ಮೊದಲನೆಯದಾಗಿ, ಪೂರ್ವದ ಸಭೆಯಲ್ಲಿ ದೀಕ್ಷೆ ಪಡೆದ ಈ ಮಹಿಳೆ ಆರಾಧನೆಯ ಹೆಸರುಗಳನ್ನು ಪಶ್ಚಿಮದ ಸಭೆಯಿಂದ ಎತ್ತಿಕೊಂಡರು. ಆರ್ಥಡಾಕ್ಸ್ ಆರಾಧನೆಯಲ್ಲಿ ವಾದ್ಯಗಳಿಗೆ ಎಡೆಯಿಲ್ಲ. ಅಲ್ಲಿ ದೇವರನ್ನು ಸ್ತುತಿಸುವುದು ಮನುಷ್ಯಕಂಠ ಮಾತ್ರ. ಹಾಗಾಗಿ ವಾದ್ಯಗಳಿಗಾಗಿ ಬರೆಯುವ ಆರ್ಥಡಾಕ್ಸ್ ವಿಶ್ವಾಸಿಯ ಸಂಗೀತ ಆರಂಭದಿಂದಲೇ ಗರ್ಭಗೃಹದ ಹೊರಗೆ ನಿಂತಿರುತ್ತದೆ. ತಮ್ಮ ಕೃತಿಗಳು ದೇವಾಲಯದ ಆರಾಧನೆಗೆಂದು ಬರೆದವುಗಳೆಂದು ಗುಬೈದುಲಿನಾ ಎಂದೂ ಹೇಳಿಕೊಳ್ಳಲಿಲ್ಲ. ಎರಡನೆಯದಾಗಿ, ಹೆಸರುಗಳಲ್ಲೇ ಅಪಾಯವಿತ್ತು. 1982ರಲ್ಲಿ ಅವರು ಬರೆದ ‘ಏಳು ಮಾತುಗಳು’ ಎಂಬ ಕೃತಿಯನ್ನು ಸೋವಿಯತ್ ಪ್ರಕಾಶನವು ‘ಪಾರ್ಟಿಟ’ ಎಂಬ ನಿರಪಾಯಕರವಾದ ಹೆಸರಿನಿಂದ ಅಚ್ಚುಹಾಕಿತು. ಹೆಸರನ್ನು ಅಳಿಸಲು ಅಧಿಕಾರಕ್ಕೆ ಸಾಧ್ಯವಾಯಿತು. ಸ್ವರಗಳ ಜೋಡಣೆಯಲ್ಲಿದ್ದ ಅರಿಕೆಯನ್ನು ಅಳಿಸಲಾಗಲಿಲ್ಲ. ಮಾತಿನಲ್ಲಿದ್ದರೆ ಕತ್ತರಿಗೆ ಸಿಗುತ್ತಿದ್ದ ಸಂಗತಿ ರಚನೆಯ ಎಲುಬಿನೊಳಗೆ ಸೇರಿಕೊಂಡಿತ್ತು. ಆ ಎಲುಬು ಹೇಗಿದೆಯೆಂಬುದನ್ನು ಎರಡು ಕೃತಿಗಳಲ್ಲಿ ನೋಡಬಹುದು.

ರಾಜನ ಸ್ವರವಾಕ್ಯ ತನ್ನನ್ನು ಬರಿದುಮಾಡಿಕೊಂಡದ್ದು

1747ರಲ್ಲಿ ಪ್ರಷ್ಯದ ದೊರೆ ಎರಡನೆಯ ಫ್ರೆಡರಿಕ್ ಪಾಟ್ಸ್‌ಡಾಮಿನಲ್ಲಿ ಯೋಹಾನ್ ಸೆಬಾಸ್ಟಿಯನ್ ಬಾಖ್ ಅವರಿಗೆ ಒಂದು ಸ್ವರವಾಕ್ಯವನ್ನು ಕೊಟ್ಟು ಅದನ್ನು ಬೆಳೆಸುವಂತೆ ಕೇಳಿದನು. ಬಾಖ್ ಅದರ ಮೇಲೆ ರಚಿಸಿದ ಸಂಗ್ರಹವನ್ನು ‘ಸಂಗೀತದ ಕಾಣಿಕೆ’ ಎಂಬ ಹೆಸರಿನಿಂದ ದೊರೆಗೇ ಅರ್ಪಿಸಿದರು. ಗುಬೈದುಲಿನಾ ‘ಆಫರ್ಟೋರಿಯಂ’ಗೆ ಆರಿಸಿಕೊಂಡದ್ದು ಈ ರಾಜವಾಕ್ಯವನ್ನೇ. ಇಪ್ಪತ್ತನೆಯ ಶತಮಾನದಲ್ಲಿ ಆಂಟನ್ ವೆಬರ್ನ್ ಬಾಖ್ ಅವರ ಅದೇ ಸಂಗ್ರಹದ ಒಂದು ಭಾಗವನ್ನು ವಾದ್ಯವೃಂದಕ್ಕೆ ಅಳವಡಿಸುವಾಗ ಒಂದೇ ವಾಕ್ಯದ ಸ್ವರಗಳನ್ನು ಬೇರೆಬೇರೆ ವಾದ್ಯಗಳಿಗೆ ಹಂಚಿದ್ದರು. ಗುಬೈದುಲಿನಾ ಅವರೂ ಆರಂಭದಲ್ಲಿ ಅದೇ ರೀತಿಯನ್ನು ಅನುಸರಿಸಿ, ಕೊನೆಯ ಒಂದು ಸ್ವರವನ್ನು ಮಾತ್ರ ಬಿಟ್ಟು, ವಾಕ್ಯವನ್ನು ನಮ್ಮ ಮುಂದಿಡುತ್ತಾರೆ.

ಬಳಿಕ ನಡೆಯುವುದು ಅರ್ಪಣೆ. ಪ್ರತಿಯೊಂದು ಆವೃತ್ತಿಯಲ್ಲೂ ವಾಕ್ಯವು ತನ್ನ ಮೊದಲಿನಿಂದ ಒಂದು ಸ್ವರವನ್ನೂ ಕೊನೆಯಿಂದ ಒಂದು ಸ್ವರವನ್ನೂ ಬಿಟ್ಟುಕೊಡುತ್ತದೆ. ಹೀಗೆ ಸವೆಯುತ್ತ ಸವೆಯುತ್ತ ನಡುವಿನ ಒಂದೇ ಒಂದು ಸ್ವರ ಉಳಿಯುತ್ತದೆ. ರಾಜವಾಕ್ಯವೆಂದು ಗುರುತಿಸಲು ಅಲ್ಲಿ ಏನೂ ಉಳಿದಿಲ್ಲ. ಕೃತಿಯ ಕೊನೆಯ ಭಾಗದಲ್ಲಿ, ಕೀರ್ತನೆಯಂಥ ಶಾಂತವಾದ ನಡೆಯ ನಡುವೆ, ಆ ಕೇಂದ್ರದಿಂದ ಸ್ವರಗಳು ಒಂದೊಂದಾಗಿ ಮರಳಿ ಕೂಡಿಕೊಳ್ಳುತ್ತವೆ. ಆದರೆ ಪೂರ್ಣಗೊಂಡ ವಾಕ್ಯ ಮೊದಲಿನದಲ್ಲ. ಅದು ಹಿಂದುಮುಂದಾಗಿ, ತುದಿಯಿಂದ ಮೊದಲಿಗೆ ಕೇಳಿಸುತ್ತದೆ.

ಈ ಕೃತಿಯನ್ನು ಬರೆಯುವಂತೆ ಕೇಳಿದವರೂ 1981ರ ಮೇ ತಿಂಗಳಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿಸಿದವರೂ ಪಿಟೀಲುವಾದಕ ಗಿಡಾನ್ ಕ್ರೆಮರ್. ಅವರು ಸ್ವರಕ್ಕೆ ತಮ್ಮನ್ನು ಒಪ್ಪಿಸಿಕೊಡುವ ರೀತಿಯೇ ಕೃತಿಗೆ ಪ್ರೇರಣೆಯಾಯಿತೆಂದು ಗುಬೈದುಲಿನಾ ಹೇಳಿದ್ದಾರೆ. ದೈವಶಾಸ್ತ್ರದ ಓದುಗನಿಗೆ ಇಲ್ಲಿ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಎರಡನೆಯ ಅಧ್ಯಾಯ ತಾನಾಗಿ ನೆನಪಾಗುತ್ತದೆ. ಪೌಲನು ಹೇಳುವ ಬರಿದುಮಾಡಿಕೊಳ್ಳುವಿಕೆ ಅಲ್ಲಿ ದೇವಸ್ವರೂಪಿಯಾದವನದು. ಇಲ್ಲಿ ಸವೆಯುವ ವಾಕ್ಯ ರಾಜನದು. ಯೋಹಾನನ ಸುವಾರ್ತೆಯ ಹನ್ನೆರಡನೆಯ ಅಧ್ಯಾಯದ ಗೋದಿಯ ಕಾಳಿನ ಮಾತೂ ಇದಕ್ಕೆ ಹತ್ತಿರವಾಗಿದೆ. ಮಣ್ಣಿಗೆ ಬಿದ್ದ ಕಾಳು ಕಾಳಾಗಿಯೇ ಮರಳುವುದಿಲ್ಲ. ಪುನರುತ್ಥಾನವು ಕಳೆದುಹೋದ ಸ್ಥಿತಿಯ ಮರುಸ್ಥಾಪನೆಯಲ್ಲ, ಅದು ಹೊಸ ಸೃಷ್ಟಿ ಎಂಬ ಉಪದೇಶವನ್ನು ಈ ಕೃತಿ ಒಂದೂ ಪದವಿಲ್ಲದೆ, ಸ್ವರಗಳ ಎಣಿಕೆಯಿಂದಲೇ ಬೋಧಿಸುತ್ತದೆ.

ನಮ್ಮ ಸಭೆಗಳಲ್ಲಿ ಆರಾಧನೆಯ ಈ ಗಳಿಗೆಗೆ ಕಾಣಿಕೆ ಎಂಬ ಹೆಸರಿದೆ. ತಟ್ಟೆಯೋ ಚೀಲವೋ ಸಾಲಿನಿಂದ ಸಾಲಿಗೆ ಹೋಗುತ್ತಿರುವಾಗ ನಾವು ಕೊಡುವುದು ನಮ್ಮಲ್ಲಿ ಮಿಕ್ಕಿರುವುದರಿಂದ. ಗುಬೈದುಲಿನಾ ಅವರ ಕೃತಿಯಲ್ಲಿ ಕಾಣಿಕೆ ಕೊಡುವವನೂ ಕೊಡಲ್ಪಡುವುದೂ ಒಂದೇ ಆಗಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯು ಯಾಜಕನೂ ಯಜ್ಞವೂ ಒಬ್ಬನೇ ಎಂದು ಸಾಧಿಸುವುದಕ್ಕೆ ಇದು ಸಮೀಪವಾದ ನಿಲುವು.

ಕುದುರೆಯನ್ನು ದಾಟಿದ ಕಮಾನು

ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಶಿಲುಬೆಯ ಮೇಲಿನ ಏಳು ಮಾತುಗಳ ಮೇಲೆ ಸರದಿಯಾಗಿ ಪ್ರಸಂಗಗಳನ್ನು ಕೇಳಿ ಬೆಳೆದ ಕನ್ನಡ ಕ್ರೈಸ್ತರಿಗೆ ಮುಂದಿನ ಕೃತಿಯ ಆಕಾರವು ಪರಿಚಿತವೇ. ‘ಏಳು ಮಾತುಗಳು’ ಚೆಲ್ಲೊ, ಬಯಾನ್ ಮತ್ತು ತಂತಿವಾದ್ಯಗಳ ವೃಂದಕ್ಕಾಗಿ ಬರೆದ ಏಳು ಭಾಗಗಳ ರಚನೆ. ಬಯಾನ್ ಎಂಬುದು ಗುಂಡಿಗಳುಳ್ಳ ರಷ್ಯದ ಅಕಾರ್ಡಿಯನ್. ನಮ್ಮ ಹಾರ್ಮೋನಿಯಂನಂತೆ ತಿದಿಯ ಗಾಳಿಯಿಂದ ನುಡಿಯುವ ಈ ವಾದ್ಯ ಹಳ್ಳಿಯ ಹಬ್ಬ, ಮದುವೆಗಳದ್ದು. ಅದಕ್ಕೆ ಗಂಭೀರ ಸಂಗೀತದಲ್ಲಿ ಸ್ಥಾನ ದೊರಕಿಸಿಕೊಟ್ಟವರಲ್ಲಿ ಗುಬೈದುಲಿನಾ ಮುಖ್ಯರು. ಜನಸಾಮಾನ್ಯರ ವಾದ್ಯಗಳಲ್ಲಿ ಅವರಿಗಿದ್ದ ಆಸಕ್ತಿ ಆಕಸ್ಮಿಕವಲ್ಲ. 1975ರಲ್ಲಿ ಅವರು ವಿಕ್ಟರ್ ಸುಸ್ಲಿನ್ ಮತ್ತು ವ್ಯಾಚೆಸ್ಲಾವ್ ಅರ್ತ್ಯೊಮೊವ್ ಅವರೊಡನೆ ‘ಅಸ್ತ್ರೇಯಾ’ ಎಂಬ ತಂಡವನ್ನು ಕಟ್ಟಿ, ರಷ್ಯ, ಕಾಕಸಸ್ ಮತ್ತು ಮಧ್ಯ ಏಷ್ಯದ ಜಾನಪದ ವಾದ್ಯಗಳ ಮೇಲೆ ಮನೋಧರ್ಮದ ಸಂಗೀತವನ್ನು ನುಡಿಸುತ್ತಿದ್ದರು.

ಕೃತಿಯಲ್ಲಿ ಚೆಲ್ಲೊ ಶ್ರಮೆಯನ್ನು ಅನುಭವಿಸುವ ಮಗನ ಸ್ಥಾನದಲ್ಲಿದೆ. ಉಸಿರಾಡುವ ಬಯಾನ್ ತಂದೆಯ ಸ್ಥಾನದಲ್ಲಿದೆ. ತಂತಿವಾದ್ಯಗಳ ಪ್ರಶಾಂತವಾದ ಏಕಧ್ವನಿ ಪವಿತ್ರಾತ್ಮನದು. ಹದಿನೇಳನೆಯ ಶತಮಾನದ ಜರ್ಮನ್ ರಚನಕಾರ ಹೈನ್ರಿಖ್ ಶುಟ್ಸ್ ಇದೇ ಏಳು ಮಾತುಗಳಿಗೆ ಬರೆದಿದ್ದ ಸಂಗೀತದ ಒಂದು ತುಣುಕೂ ಇಲ್ಲಿ ಸೇರಿದೆ. ಲುಥೆರನ್ ಪರಂಪರೆಯ ದನಿ ಹೀಗೆ ಆರ್ಥಡಾಕ್ಸ್ ವಿಶ್ವಾಸಿಯ ಕೃತಿಯಲ್ಲಿ ಅತಿಥಿಯಾಗಿ ಬಂದು ಕುಳಿತಿದೆ. ಚೆಲ್ಲೊದಲ್ಲಿ ಬೆರಳಿಡದ ಒಂದು ತಂತಿ ನೆಟ್ಟಗೆ ನುಡಿಯುತ್ತಿರುವಾಗ ಪಕ್ಕದ ತಂತಿಯ ಸ್ವರವು ಜಾರುತ್ತ ಬಂದು ಅದನ್ನು ಅಡ್ಡವಾಗಿ ದಾಟುತ್ತದೆ. ಕಿವಿಗೆ ಕೇಳುವ ಶಿಲುಬೆ ಇದು. ಇದಕ್ಕೆ ಮುಂಚೆ, 1979ರಲ್ಲಿ ಚೆಲ್ಲೊ ಮತ್ತು ಆರ್ಗನ್‌ಗಳಿಗಾಗಿ ಬರೆದ ‘ಇನ್ ಕ್ರೋಚೆ’ ಎಂಬ ಕೃತಿಯಲ್ಲೂ ಎತ್ತರದಲ್ಲಿ ಆರಂಭಿಸಿದ ಆರ್ಗನ್ ಕೆಳಗಿಳಿಯುತ್ತಲೂ ತಗ್ಗಿನಲ್ಲಿ ಆರಂಭಿಸಿದ ಚೆಲ್ಲೊ ಮೇಲೇರುತ್ತಲೂ ನಡುವೆ ಒಂದನ್ನೊಂದು ಛೇದಿಸುತ್ತವೆ.

‘ಏಳು ಮಾತುಗಳ’ ಕೊನೆಯಲ್ಲಿ, ಮಗನು ತನ್ನ ಆತ್ಮವನ್ನು ತಂದೆಯ ಕೈಗೆ ಒಪ್ಪಿಸುವಲ್ಲಿ, ಚೆಲ್ಲೊವಾದಕನ ಕಮಾನು ತಂತಿಯ ಮೇಲೆ ಸರಿಯುತ್ತ ಸರಿಯುತ್ತ ಕುದುರೆಯ ಬಳಿ ಬಂದು, ಅದನ್ನು ದಾಟಿ ಆಚೆಗೆ ಹೋಗುತ್ತದೆ. ಸಾಮಾನ್ಯವಾಗಿ ಯಾರೂ ನುಡಿಸದ ಜಾಗ ಅದು. ಅಲ್ಲಿ ಹುಟ್ಟುವ ದನಿಗೆ ನಾವು ಬಲ್ಲ ಶ್ರುತಿಯಿಲ್ಲ. ಮರಣವನ್ನು ದಾಟುವುದೆಂದರೇನು ಎಂಬುದಕ್ಕೆ ಒಂದು ಮರದ ತುಂಡನ್ನು ದಾಟುವ ಕೈಚಲನೆಗಿಂತ ಸರಳವಾದ ಚಿಹ್ನೆ ಇರಲಾರದು.

ಅಳತೆ ಮತ್ತು ಮೌನ

1980ರ ದಶಕದಲ್ಲಿ ಗುಬೈದುಲಿನಾ ತಮ್ಮ ಕೃತಿಗಳ ಕಾಲಪ್ರಮಾಣವನ್ನು ಫಿಬೊನಾಚ್ಚಿ ಶ್ರೇಣಿಯಿಂದ ನಿರ್ಣಯಿಸತೊಡಗಿದರು. 1, 2, 3, 5, 8, 13 ಎಂದು ಪ್ರತಿ ಸಂಖ್ಯೆಯೂ ಹಿಂದಿನ ಎರಡರ ಮೊತ್ತವಾಗಿ ಬೆಳೆಯುವ ಶ್ರೇಣಿ ಇದು. ತಾಳವಾದ್ಯಗಳಿಗಾಗಿ 1984ರಲ್ಲಿ ಬರೆದ ಕೃತಿಗೆ ಅವರಿಟ್ಟ ಹೆಸರಿನ ಅರ್ಥ ‘ಆದಿಯಲ್ಲಿ ಲಯವಿತ್ತು’. ಯೋಹಾನನ ಸುವಾರ್ತೆಯ ಮೊದಲ ವಚನವನ್ನು ಬಲ್ಲವರಿಗೆ ಇದರ ಸೂಚನೆ ಸ್ಪಷ್ಟ. ಸೃಷ್ಟಿಯಲ್ಲಿ ಅಳತೆಯಿದೆ, ಆ ಅಳತೆಗೆ ಒಡಂಬಡುವುದು ರಚನಕಾರಳ ವಿಧೇಯತೆ ಎಂಬ ಭಾವ ಇಲ್ಲಿದೆ.

1986ರ ಹನ್ನೆರಡು ಭಾಗಗಳ ಸಿಂಫನಿಯಲ್ಲಿ ಈ ಅಳತೆ ಒಂದು ವಿಚಿತ್ರ ಸ್ಥಳಕ್ಕೆ ಬಂದು ನಿಲ್ಲುತ್ತದೆ. ಒಂಬತ್ತನೆಯ ಭಾಗದಲ್ಲಿ ವಾದ್ಯವೃಂದ ಮೌನವಾಗುತ್ತದೆ; ನಿರ್ದೇಶಕನ ಕೈಗಳು ಮಾತ್ರ ಗಾಳಿಯಲ್ಲಿ ಅದೇ ಶ್ರೇಣಿಯ ಪ್ರಮಾಣದಲ್ಲಿ ಚಲಿಸುತ್ತವೆ. ಸದ್ದಿಲ್ಲದಿದ್ದರೂ ಲಯ ನಿಂತಿಲ್ಲ. ದೇವರು ಸುಮ್ಮನಿದ್ದಾನೆಂದು ಕಂಡ ಕಾಲದಲ್ಲಿ ಆತನ ಕೈ ಚಲಿಸುತ್ತಿಲ್ಲವೆಂದು ಹೇಳಬಹುದೇ? ಕೀರ್ತನಕಾರರ ಹಳೆಯ ದೂರು ಇಲ್ಲಿ ಸದ್ದಿಲ್ಲದ ಉತ್ತರವನ್ನು ಪಡೆಯುತ್ತದೆ.

ಯೋಹಾನನ ಪ್ರಕಾರ ಶ್ರಮೆ

ಸೋವಿಯತ್ ಒಕ್ಕೂಟದ ವಿಸರ್ಜನೆಯ ಬಳಿಕ 1992ರಲ್ಲಿ ಅವರು ಹಾಂಬುರ್ಗಿನ ಹತ್ತಿರದ ಆಪ್ಪೆನ್ ಎಂಬ ಹಳ್ಳಿಗೆ ಹೋಗಿ ನೆಲಸಿದರು. ಈಗ ಮಾತಿಗೆ ನಿಷೇಧವಿರಲಿಲ್ಲ. ಬಾಖ್ ಅವರ ಮರಣದ 250ನೆಯ ವರ್ಷವಾದ 2000ದಲ್ಲಿ ಸ್ಟುಟ್‌ಗಾರ್ಟಿನ ಅಂತರರಾಷ್ಟ್ರೀಯ ಬಾಖ್ ಅಕಾಡೆಮಿಯು ನಾಲ್ವರು ರಚನಕಾರರಿಗೆ ನಾಲ್ಕು ಸುವಾರ್ತೆಗಳ ಪ್ರಕಾರ ಕ್ರಿಸ್ತನ ಶ್ರಮೆಯ ಚರಿತ್ರೆಗೆ ಸಂಗೀತ ಬರೆಯುವಂತೆ ಕೇಳಿಕೊಂಡಿತು. ಮತ್ತಾಯನ ಸುವಾರ್ತೆ ಚೀನದಲ್ಲಿ ಹುಟ್ಟಿದ ತಾನ್ ಡುನ್ ಅವರಿಗೂ, ಮಾರ್ಕನದು ಆರ್ಜೆಂಟೀನದ ಯಹೂದಿ ಕುಟುಂಬದಲ್ಲಿ ಹುಟ್ಟಿದ ಓಸ್ವಾಲ್ಡೊ ಗೊಲಿಹೊವ್ ಅವರಿಗೂ, ಲೂಕನದು ಜರ್ಮನಿಯ ವೋಲ್ಫ್‌ಗಾಂಗ್ ರೀಮ್ ಅವರಿಗೂ, ಯೋಹಾನನದು ಗುಬೈದುಲಿನಾ ಅವರಿಗೂ ಬಂದವು. ವಾಲೆರಿ ಗೆರ್ಗಿಯೆವ್ ಅವರ ನಿರ್ದೇಶನದಲ್ಲಿ ಆ ವರ್ಷದ ಸೆಪ್ಟೆಂಬರಿನಲ್ಲಿ ಗುಬೈದುಲಿನಾ ಅವರ ಕೃತಿಯ ಮೊದಲ ಪ್ರದರ್ಶನವಾಯಿತು.

ಬಾಖ್ ಅವರ ಮಾದರಿಯಲ್ಲಿ ಶ್ರಮೆಯ ಚರಿತ್ರೆ ಒಂದು ನಾಟಕ. ಪಾತ್ರಗಳು ಮಾತನಾಡುತ್ತವೆ, ವಿಶ್ವಾಸಿಯ ಆತ್ಮವು ನಡುನಡುವೆ ಅಳುತ್ತದೆ. ಪೂರ್ವದ ಸಭೆಯಲ್ಲಿ ಸುವಾರ್ತೆಯನ್ನು ಓದುತ್ತಾರೆ, ಅಭಿನಯಿಸುವುದಿಲ್ಲ. ಗುಬೈದುಲಿನಾ ಅವರ ಕೃತಿಯಲ್ಲಿ ಮಂದ್ರಸ್ಥಾಯಿಯ ಗಾಯಕನು ದೇವಾಲಯದ ಪಾಠಕನಂತೆ ನಿರೂಪಿಸುತ್ತಾನೆ. ಅದಕ್ಕಿಂತ ಮುಖ್ಯವಾಗಿ, ಸುವಾರ್ತೆಯ ಜೊತೆಗೆ ಯೋಹಾನನ ಪ್ರಕಟನೆಯನ್ನೂ ಅವರು ಹೆಣೆದಿದ್ದಾರೆ. ಭೂಮಿಯಲ್ಲಿ ನಡೆಯುವುದು ಕಾಲದೊಳಗೆ ನಡೆಯುತ್ತದೆ. ಪರಲೋಕದಲ್ಲಿ ನಡೆಯುವುದು ಕಾಲಾತೀತವಾಗಿ ನಡೆಯುತ್ತದೆ. ಪಿಲಾತನ ಅಂಗಳ ಮತ್ತು ಕುರಿಮರಿಯ ಸಿಂಹಾಸನ ಎರಡೂ ಒಂದೇ ಕೃತಿಯಲ್ಲಿ ಅಕ್ಕಪಕ್ಕದಲ್ಲಿ ನಿಲ್ಲುತ್ತವೆ. ಹನ್ನೊಂದನೆಯದಾದ ಕೊನೆಯ ಭಾಗ ಸಮಾಧಿಯ ಶಾಂತಿಯಲ್ಲಿ ಮುಗಿಯದೆ ರೌದ್ರದ ಏಳು ಪಾತ್ರೆಗಳಲ್ಲಿ ಮುಗಿಯುತ್ತದೆ. ಪುನರುತ್ಥಾನವನ್ನು ಕೇಳಲು 2001ರಲ್ಲಿ ಅವರು ಬರೆದ ‘ಯೋಹಾನನ ಪ್ರಕಾರ ಈಸ್ಟರ್’ ಎಂಬ ಮುಂದಿನ ಕೃತಿಯವರೆಗೆ ಕಾಯಬೇಕು.

ರೌದ್ರದ ವಿಷಯ ಅವರನ್ನು ಕೊನೆಯ ವರೆಗೂ ಬಿಡಲಿಲ್ಲ. ‘ದೇವರ ರೌದ್ರ’ ಎಂಬ ವಾದ್ಯವೃಂದದ ಕೃತಿ 2020ರ ನವೆಂಬರಿನಲ್ಲಿ, ಸಾಂಕ್ರಾಮಿಕ ರೋಗದ ಕಾಲದಲ್ಲಿ, ವಿಯೆನ್ನಾದ ಸಭಾಂಗಣದಲ್ಲಿ ಶ್ರೋತೃಗಳಿಲ್ಲದೆಯೇ ಮೊದಲ ಬಾರಿಗೆ ನುಡಿಯಿತು.

ಒಂದು ವಿಮರ್ಶೆ

ಈಗ ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಅರ್ಪಣೆಯನ್ನು ಇಷ್ಟು ಕೇಂದ್ರದಲ್ಲಿಡುವ ದೈವಶಾಸ್ತ್ರಕ್ಕೆ ಇಂದು ಗಂಭೀರವಾದ ಆಕ್ಷೇಪಣೆಗಳಿವೆ. ಭಾರತದ ದಲಿತ ದೈವಶಾಸ್ತ್ರವೂ ಸ್ತ್ರೀವಾದಿ ದೈವಶಾಸ್ತ್ರವೂ ನಮಗೆ ಕಲಿಸಿದ ಒಂದು ಎಚ್ಚರವೆಂದರೆ, ತ್ಯಾಗದ ಹೊಗಳಿಕೆಯನ್ನು ಹೆಚ್ಚಾಗಿ ಕೇಳಿಸಿಕೊಳ್ಳಬೇಕಾದವರು ಈಗಾಗಲೇ ಎಲ್ಲವನ್ನೂ ಕಳೆದುಕೊಂಡವರು. ಸಹಿಸಿಕೊಳ್ಳಿ ಎಂಬ ಉಪದೇಶ ಸಹಿಸುವಂತೆ ಮಾಡಿದವರಿಗೇ ಅನುಕೂಲ. ಸೋವಿಯತ್ ಪ್ರಭುತ್ವಕ್ಕೂ ತನ್ನದೇ ಆದ ಬಲಿಯ ಸಿದ್ಧಾಂತವಿತ್ತು. ನಾಳಿನ ಸುಖಕ್ಕಾಗಿ ಇಂದಿನ ಪೀಳಿಗೆಯನ್ನು ತೆರುವುದು ನ್ಯಾಯವೆಂದು ಅದು ಸಾಧಿಸಿತ್ತು. ಹಾಗಾದರೆ ಸ್ವರ ಸ್ವರವಾಗಿ ಸವೆಯುವ ವಾಕ್ಯವನ್ನು ಪುಣ್ಯವೆಂದು ಕಾಣುವ ಸಂಗೀತ ಅದೇ ಸಿದ್ಧಾಂತದ ಧಾರ್ಮಿಕ ರೂಪವಲ್ಲವೇ?

ಕೃತಿಗಳ ರಚನೆಯನ್ನೇ ಸಾಕ್ಷಿಗೆ ಕರೆದರೆ ಉತ್ತರ ದೊರೆಯುತ್ತದೆ. ಕನ್ನಡದಲ್ಲಿ ಬಲಿ ಮತ್ತು ಅರ್ಪಣೆ ಎಂಬ ಎರಡು ಪದಗಳಿವೆ. ಬಲಿ ಕೊಡುವವನು ಸಾಮಾನ್ಯವಾಗಿ ಬೇರೊಬ್ಬನನ್ನು ಕೊಡುತ್ತಾನೆ. ಅರ್ಪಿಸಿಕೊಳ್ಳುವವನು ತನ್ನನ್ನು ಕೊಡುತ್ತಾನೆ. ‘ಆಫರ್ಟೋರಿಯಂ’ನಲ್ಲಿ ಸವೆಯುವುದು ದುರ್ಬಲನ ಸ್ವರವಲ್ಲ, ಅರಸನ ವಾಕ್ಯ. ಮೇಲಿನದು ತಾನಾಗಿ ಕೆಳಗಿಳಿಯುತ್ತದೆ. ‘ಏಳು ಮಾತುಗಳಲ್ಲಿ’ ಗಂಭೀರ ಸಂಗೀತದ ಅಂಚಿನಲ್ಲಿದ್ದ ಹಳ್ಳಿಯ ವಾದ್ಯಕ್ಕೆ ದೊರೆತ ಸ್ಥಾನ ತಂದೆಯದು. ಅಧಿಕಾರವಿದ್ದದ್ದು ಬರಿದಾಗುವುದೂ ಅಂಚಿನಲ್ಲಿದ್ದದ್ದು ಎತ್ತಲ್ಪಡುವುದೂ ಮರಿಯಳ ಸ್ತೋತ್ರದಲ್ಲಿ ನಾವು ಕಾಣುವ ಕ್ರಮವೇ ಆಗಿದೆ. ಶ್ರಮೆಯ ಕೃತಿಯು ರೌದ್ರದ ಪಾತ್ರೆಗಳಲ್ಲಿ ಮುಗಿಯುವುದನ್ನೂ ಈ ಬೆಳಕಿನಲ್ಲಿ ನೋಡಬೇಕು. ನಿರಪರಾಧಿಯ ಕೊಲೆಗೆ ತೀರ್ಪು ಬೇಕೆಂಬ ಬೇಡಿಕೆಯನ್ನು ಅದು ಮುಚ್ಚಿಡುವುದಿಲ್ಲ. ಅನ್ಯಾಯವನ್ನು ಸಹಿಸಿ ಸುಮ್ಮನಿರಿ ಎಂದು ಹೇಳುವ ಸಂಗೀತ ಹೀಗೆ ಮುಗಿಯಲಾರದು.

ಆದರೂ ಒಂದು ಸಂದೇಹ ಉಳಿಯುತ್ತದೆ. ಚೆಲ್ಲೊ ಮಗನೆಂದೂ ಬಯಾನ್ ತಂದೆಯೆಂದೂ ಯಾರೂ ಹೇಳಿಕೊಡದೆ ಕೇಳಿದವನಿಗೆ ಇವೆಲ್ಲ ತಿಳಿಯುವುದೇ? ತಿಳಿಯಲಿಕ್ಕಿಲ್ಲ. ವಾಕ್ಯದ ಬೋಧನೆಯಿಲ್ಲದೆ ಚಿಹ್ನೆ ಮೂಕವಾಗುತ್ತದೆ ಎಂಬ ಸುಧಾರಣಾ ಪರಂಪರೆಯ ಮಾತು ಇಲ್ಲಿ ಸಲ್ಲುತ್ತದೆ. ಪಶ್ಚಿಮದ ಸಭಾಂಗಣಗಳಲ್ಲಿ ಈ ಕೃತಿಗಳನ್ನು ಅಸ್ಪಷ್ಟವಾದ ಆಧ್ಯಾತ್ಮಿಕತೆಯೆಂದು ಸವಿದು ಮನೆಗೆ ಹೋಗುವವರೂ ಇದ್ದಾರೆ. ಸಂಗೀತವು ದೈವಶಾಸ್ತ್ರವನ್ನು ಮಾಡಬಲ್ಲುದು. ಅದು ಒಂಟಿಯಾಗಿ ಸುವಾರ್ತೆಯನ್ನು ಸಾರಬಲ್ಲುದೆಂದು ಹೇಳುವುದು ಅತಿಯಾಗುತ್ತದೆ. ಈ ಮಿತಿಯನ್ನು ಒಪ್ಪಿಕೊಂಡರೆ ಗುಬೈದುಲಿನಾ ಅವರ ಸಾಕ್ಷಿಗೆ ಕುಂದಿಲ್ಲ. ಸಭೆಯ ಬಾಯಿ ಕಟ್ಟಿದ್ದ ದೇಶದಲ್ಲಿ ಅವರು ಸುವಾರ್ತೆಯ ಬದಲಿಗೆ ಬೇರೊಂದನ್ನು ಇಡಲಿಲ್ಲ. ಅದರ ಆಕಾರವನ್ನು ಕೆಡದಂತೆ ಕಾಪಾಡಿಟ್ಟರು.

ದೈವಶಾಸ್ತ್ರದ ವಿದ್ಯಾರ್ಥಿಗೆ ಇದರಿಂದ ಎರಡು ಪಾಠಗಳಿವೆ. ಸಭೆಯ ಇತಿಹಾಸವನ್ನು ಓದುವಾಗ ಬರೆದ ಮಾತಿನ ಜೊತೆಗೆ ಕಟ್ಟಿದ ಹಾಡನ್ನೂ ನುಡಿಸಿದ ವಾದ್ಯವನ್ನೂ ಪ್ರಮಾಣವಾಗಿ ಎಣಿಸುವುದು ಮೊದಲನೆಯದು. ಹಾಗೆ ಓದಿದರೆ, ವಿಶ್ವಾಸಪತ್ರಗಳಲ್ಲಿ ಹೆಸರಿಲ್ಲದ ಎಷ್ಟೋ ಜನರ ಅರಿಕೆ ನಮಗೆ ಕೇಳಿಸೀತು. ಎರಡನೆಯದು ನಮ್ಮ ಆರಾಧನೆಗೆ ಸಂಬಂಧಿಸಿದ್ದು. ಶಿಲುಬೆಯನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ಆ ಮಾತಿನ ರಚನೆಯಲ್ಲೇ ಶಿಲುಬೆಯ ಆಕಾರವಿದೆಯೇ, ಅಂದರೆ ಅಧಿಕಾರವುಳ್ಳವನು ತನ್ನ ಸ್ವರಗಳನ್ನು ಒಂದೊಂದಾಗಿ ಬಿಟ್ಟುಕೊಡುವ ಕ್ರಮವಿದೆಯೇ ಎಂದು ಪ್ರಸಂಗಪೀಠದಲ್ಲಿ ನಿಲ್ಲುವ ಪ್ರತಿಯೊಬ್ಬನೂ ತನ್ನನ್ನು ಕೇಳಿಕೊಳ್ಳಬೇಕಾಗಿದೆ.